ಎಡಗೈ ಲಿಂಗಕ್ಕ, ಬಲಗೈ ರೊಟ್ಟಿಗೆ

ನಮ್ಮ ದೊಡ್ಡವ್ವನ ಮೈಯಲ್ಲಿ ರಕ್ತ ಇದೆ ಎಂಬುದನ್ನು ನಾನು ಬಹಳ ದಿನ ಬರೀ ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದೆ. ಪುರಾವೆ ಇರಲಿಲ್ಲ! ಊರ ಮಂದಿಯ ರಕ್ತವನ್ನೆಲ್ಲ ಪರೀಕ್ಷೆ ಮಾಡುವ ನನಗೆ, ನನ್ನವ್ವನ ಸ್ವಂತ ಅಕ್ಕ ಒಂದೇ ಒಂದು ಹನಿ ಕೊಟ್ಟವಳಲ್ಲ.

ಗುಡಗೇರಿ ಕಡೆಯ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ನಾನು ಲ್ಯಾಬ್ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿ ರಿಪೋರ್ಟಿನ ದಾರಿ ಕಾಯುತ್ತಿದ್ದೆವು. ಈಗ ಅಂಗೈಯಗಲದ ಮಷಿನುಗಳು ಬಂದಿವೆ. ಬೆರಳಿಗೆ ಸೂಜಿ ತಾಗಿಸಿ ಒಂದು ಹನಿ ಇಟ್ಟರೆ, ಚಹಾ ಆರುವುದರೊಳಗೆ ಉತ್ತರ. ಕೆಲಸ ಹಗುರಾಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ! ಪರೀಕ್ಷೆ ಮಾಡುವುದು ಸಲೀಸು. ಇಷ್ಟು ಬೇಗ ಬಂದ ಉತ್ತರ ಸುಳ್ಳಲ್ಲ ಎಂದು ಒಬ್ಬೊಬ್ಬರಿಗೂ ತಿಳಿಸಿ ಹೇಳುವಷ್ಟರಲ್ಲಿ ನನ್ನ ಜೀವ ಹಣ್ಣಾಗುತ್ತದೆ.

ಅದರಲ್ಲಿ ಅರ್ಧ ಜೀವ ದೊಡ್ಡವ್ವನ ಪಾಲು. ಅವಳಿಗೆ ಕೆಲವು ತಿಂಗಳಿಂದ ಸದಾ ಬಾಯಾರಿಕೆ, ಮೈಯೂ ಇಳಿದಿತ್ತು. ಸಕ್ಕರೆ ಕಾಯಿಲೆ ಇರಬಹುದೆಂದು ನನಗೆ ಒಳಗೊಳಗೇ ಅಂಜಿಕೆ. ಪರೀಕ್ಷೆಗೆ ಕರೆದರೆ ಮಷಿನನ್ನು ತಿರುವಿ ಮುರುವಿ ನೋಡಿ ಅಂದಳು:

"ಬ್ಯಾಳಿ ಕುದಿಯಾಕೂ ಇದಕ್ಕಿಂತ ಹೊತ್ತ ಹಿಡಿತೈತಿ. ಮನಷ್ಯಾನ ರಗತ ಇಷ್ಟ ಲಗೂನ ತಿಳೀತೈತೇನ ಬೇ?"

ಹಾಗಂತ ಆಕೆ ದವಾಖಾನೆಗೆ ಬರುವುದನ್ನು ಬಿಟ್ಟಳೇ? ಓಣಿಯ ಹೆಂಗಸರನ್ನೆಲ್ಲ ತಾನೇ ಎಳೆದು ತಂದಳು! ಅವರ ಕೈ ಗಟ್ಟಿಯಾಗಿ ಹಿಡಿದು, "ಕೊಡ ಬೇ, ಏನೂ ಆಗಂಗಿಲ್ಲ, ಇರವಿ ಕಚ್ಚಿದಂಗ" ಎಂದು ಧೈರ್ಯ ಹೇಳುತ್ತಿದ್ದಳು. ನಿನ್ನದು ಯಾವಾಗ ಎಂದರೆ, "ನಂದೇನ ಅವಸರ? ನೀ ಮನಿ ಮಗಳ ಅದಿ" ಎನ್ನುತ್ತಿದ್ದಳು.

ಒಂದು ಸಲ ಅವಳ ಬೆನ್ನು ಬಿದ್ದು, ಸೋಮವಾರ ಉಪವಾಸ ಇದ್ದು ಬಾ ಎಂದು ಒಪ್ಪಿಸಿದೆ. ಬಂದಳು, ಡಬ್ಬಿ ಸಮೇತ! "ಅನ್ನದ ಅಗಳ ಮುಟ್ಟಿಲ್ಲ ನೋಡ. ಬರೇ ಸಾಬೂದಾಣಿ ಖಿಚಡಿ, ಎರಡ ಬಾಳಿಹಣ್ಣ, ಒಂದ ಶೇಂಗಾ ಉಂಡಿ. ನಿನಗೂ ತಂದೀನಿ." ನಾನು ಹಣೆ ಹಣೆ ಬಡಿದುಕೊಂಡು ಖಿಚಡಿ ತಿಂದೆ. ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಮುಂದಿನ ವಾರ ಖಾಲಿ ಹೊಟ್ಟೆಯಲ್ಲೇ ಬಂದಳು. ಅಂತೂ ಗೆದ್ದೆ ಎಂದು ಸೂಜಿ ತೆಗೆದರೆ ಎಡಗೈ ಹಿಂದಕ್ಕೆಳೆದುಕೊಂಡಳು.

"ಈ ಕೈಯಾಗ ದಿನಾ ಲಿಂಗ ಇಟಗೊಂಡ ಪೂಜಿ ಮಾಡತೀನಿ. ಇದಕ್ಕ ತೂತ ಹಾಕ್ತೀ?"

"ಹಂಗಾರ ಬಲಗೈ ಕೊಡ ಬೇ."

"ಬಲಗೈಲೆ ರೊಟ್ಟಿ ಬಡೀಬೇಕು. ಗಾಯದ ಕೈಲೆ ಬಡದ ರೊಟ್ಟಿ ನಿಮ್ಮ ದೊಡ್ಡಪ್ಪ ತಿಂತಾನೇನ?"

ತಿನ್ನುತ್ತಾನೆ! ಮದುವೆಯಾದಾಗಿನಿಂದ ಆತ ತಾಟಿಗೆ ಬಿದ್ದದ್ದನ್ನೆಲ್ಲ ಸುಮ್ಮನೆ ತಿಂದವನು. ಆದರೆ ಸಾಕ್ಷಿ ಹೇಳಲು ಆತ ಅಲ್ಲಿರಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಚಪ್ಪಲಿ ಕಳಚಿ ಕಾಲನ್ನು ನನ್ನ ಎದುರಿನ ಸ್ಟೂಲಿನ ಮೇಲೆ ಇಟ್ಟಳು.

"ಕಾಲಿಂದ ತಗೊ. ಕಾಲಿನ ರಗತ ಏನ ಬ್ಯಾರೆ ಊರಿಂದ ಬಂದೈತೇನ?"

"ಕಾಲಿಂದ ತಗೀಬಾರದ ಬೇ."

"ಹುಟ್ಟಿದ ಕೂಸಿಗೆ ಹಿಮ್ಮಡಕ್ಕ ಚುಚ್ಚತೀರಲ್ಲಾ!"

ಸರದಿಯಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗುವಷ್ಟೂ ತ್ರಾಣ ಉಳಿದಿರಲಿಲ್ಲ. ಹೆದರಿಸಿದರಾದರೂ ಕಾಲು ತೆಗೆದಾಳೆಂದು ಪೆನ್ನಿನ ತುದಿಯನ್ನು ಅಂಗಾಲಿಗೆ ಒತ್ತಿದೆ. ಅವಳು ಬಾಜು ಕೂತವಳ ಜೊತೆ ಮೆಣಸಿನಕಾಯಿ ಧಾರಣೆಯ ಮಾತು ನಡೆಸಿದ್ದಳು. ಇನ್ನೂ ಜೋರಾಗಿ ಒತ್ತಿದೆ.

"ಲಗೂನ ಚುಚ್ಚ ಬೇ," ಎಂದಳು ನನ್ನತ್ತ ತಿರುಗಿ. "ಮನ್ಯಾಗ ಕೆಲಸ ಬಿದ್ದೈತಿ."

ಪೆನ್ನು ಒತ್ತಿದ್ದು ಅವಳಿಗೆ ತಿಳಿದೇ ಇರಲಿಲ್ಲ; ಸಕ್ಕರೆ ಹೆಚ್ಚಾದರೆ ಅಂಗಾಲು ಹೀಗೆ ಮರಗಟ್ಟುತ್ತದೆ. ಬಗ್ಗಿ ಅವಳ ಪಾದ ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಒಂದು ಜಾಲಿಮುಳ್ಳು ಮುರಿದು ಕೂತಿತ್ತು. ಸುತ್ತ ಬಾತು ಕಪ್ಪಾಗಿತ್ತು, ಕೀವು ತುಂಬಿತ್ತು.

"ಇದ ಯಾವಾಗ ನಟ್ಟಿತ ಬೇ?"

"ಯಾವುದ?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಕಾಲಿನ ಮೇಲೆ ಮನೆಯಿಂದ ನಡೆದು ಬಂದಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ದೊಡ್ಡವ್ವ. ಸರದಿಯವರ ಮುಂದೆಯೇ ನನಗೆ ಅಳು ಬಂತು.

"ಅಯ್ಯ, ಮುಳ್ಳ ನಟ್ಟಿದ್ದು ನನಗ. ನೋವು ನಿನಗ್ಯಾಕ ಆತ ತಂಗಿ?" ಎಂದು ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಆಮೇಲೆ ಎರಡೂ ಕೈ ಬೆರಳು ಬಿಡಿಸಿ ಮೇಜಿನ ಮೇಲೆ ಚಾಚಿದಳು. "ತಗೊ, ಯಾವ ಬಟ್ಟ ಬೇಕ ಅದಕ್ಕ ಚುಚ್ಚು. ಅಳಬ್ಯಾಡ."

ಮಷಿನು ಅಂಕಿಯನ್ನೇ ತೋರಿಸಲಿಲ್ಲ. ಸಕ್ಕರೆ ತನ್ನ ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಡಾಕ್ಟರು ಕಾಲು ನೋಡಿ, ನಾಳೆ ಅನ್ನಬೇಡಿ, ಈಗಲೇ ಹುಬ್ಬಳ್ಳಿಗೆ ಒಯ್ಯಿರಿ, ಇವತ್ತೇ ಹೋದರೆ ಕಾಲು ಉಳಿಸಬಹುದು ಎಂದರು.

ಗಾಡಿಯಲ್ಲಿ ಅವಳ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ರಸ್ತೆಯ ತಗ್ಗಿಗೆ ಅದು ಕುಲುಕದಂತೆ ಎರಡೂ ಕೈಯಿಂದ ಹಿಡಿದಿದ್ದೆ. ದೊಡ್ಡವ್ವ ಕಣ್ಣು ಮುಚ್ಚಿ ಒರಗಿದ್ದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಕಾಲ ಹಿಡಕೊಂಡೀ ಏನ ಬೇ? ನನಗ ತಿಳೀವಲ್ದು."

"ಹಿಡಕೊಂಡೀನಿ ಬೇ," ಎಂದೆ.