ಹಳೇ ಕೋವಿಗೆ ಲೈಸೆನ್ಸ್ ಯಾಕ್ರಿ?

ಕೋವಿ ಲೈಸೆನ್ಸಿನ ಕಡತಗಳು ನನ್ನ ಮೇಜಿಗೆ ಬಂದ ಮೇಲೆ ನನ್ನ ಎದೆಬಡಿತ ನೆಟ್ಟಗಿದ್ದ ದಿನಗಳು ಕಡಿಮೆ. ನಮ್ಮ ದುರ್ಗದ ಸೀಮೆಯಲ್ಲಿ ಯಾರ ಮನೆ ಅಟ್ಟ ಕೆದಕಿದರೂ ಒಂದು ಹಳೇ ಕೋವಿ ಸಿಗುತ್ತದೆ. ಸಿಕ್ಕಿದ್ದು ಸೀದಾ ನನ್ನ ಮುಂದೆಯೇ ಬಂದು ನಿಲ್ಲುತ್ತದೆ.

೧. ಡಾಕ್ಟ್ರ ಚೀಟಿ

ಆಗ ನಾನು ಹಿರಿಯೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಲ್ಲದಕೆರೆ ಕಡೆಯ ಕುರಿ ಕಾಯುವ ಅಜ್ಜ ಒಬ್ಬ ಬಂದು, ಕಂಬಳಿ ಬಿಚ್ಚಿ ಮೇಜಿನ ಮೇಲೆ ಕೋವಿ ಇಟ್ಟ. ನಳಿಗೆ ನೇರ ನನ್ನ ಎದೆಗೆ! ಕುರ್ಚಿ ಸಮೇತ ಗೋಡೆಗೆ ಹೋಗಿ ಅಂಟಿಕೊಂಡೆ.

"ಹೆದರಬ್ಯಾಡ್ರಿ ಸಾಹೇಬ್ರೆ, ನಮ್ಮ ಮುತ್ತಾತಂದು. ಹಳೇದಕ್ಕೆ ಲೈಸೆನ್ಸು ಬ್ಯಾಡಂತಲ್ಲ?"

"ಬರೀ ಹಳೇದಾದ್ರೆ ಸಾಲ್ದು ಅಜ್ಜಾ. ರಿಪೇರಿ ಮಾಡಿದ್ರೂ ಗುಂಡು ಹಾರಬಾರದು. ಅಂಥದ್ದಕ್ಕೆ ಮಾತ್ರ ಕಾನೂನಲ್ಲಿ ವಿನಾಯ್ತಿ."

ಅಜ್ಜ ಗಡ್ಡ ಕೆರೆದುಕೊಂಡ. "ಹಂಗಾರೆ ಇದು ಸತ್ತೈತೆ ಅಂತ ಡಾಕ್ಟ್ರತ್ರ ಚೀಟಿ ಬರೆಸ್ಕಂಡು ಬರ್ಲಾ?"

೨. ಒಲೆ ಮುಂದೆ

ರಾಮಗಿರಿ ಹತ್ತಿರದ ಒಂದು ಮನೆಗೆ ತಪಾಸಣೆಗೆ ಹೋದೆವು. "ಕೋವಿ ಎಲ್ಲೈತೆ?" ಎಂದರೆ ಯಜಮಾನರು ಅಡಿಗೆಮನೆ ತೋರಿಸಿದರು. ಇಣುಕಿದೆ. ಯಜಮಾನಿ ನಳಿಗೆಯನ್ನು ಬಾಯಿಗೇ ಇಟ್ಟುಕೊಂಡು ಕೂತಿದ್ದಾರೆ! "ಅಮ್ಮಾ, ಬ್ಯಾಡಾ!" ಎಂದು ಕಿರುಚಿಬಿಟ್ಟೆ. ಆಕೆ ಫೂ ಎಂದು ಒಲೆ ಊದಿ ತಿರುಗಿದರು.

ನಳಿಗೆಯ ಎರಡೂ ಕಡೆ ತೂತು. ಹಿಡಿ, ಗುಂಡು ಹಾರಿಸಲು ಎಳೆಯುವ ಕುದುರೆ ಯಾವುದೂ ಇಲ್ಲ. ಜೊತೆಗಿದ್ದ ಪೊಲೀಸ್ ಆಯುಧ ತಜ್ಞರು, "ಇದು ಕೋವಿ ಅಲ್ಲವೇ ಅಲ್ಲ" ಎಂದರು.

"ಅದನ್ನ ಇವ್ರಿಗೆ ಹೇಳ್ರಿ," ಎಂದರು ಆಕೆ ಗಂಡನ ಕಡೆ ನೋಡಿ. "ವರ್ಷಾ ವರ್ಷಾ ಆಯುಧಪೂಜೆ ದಿನ ನನ್ನ ಊದುಗೊಳವೆ ಕಿತ್ಕಂಡು ಹೋಗಿ ಕುಂಕುಮ ಹಚ್ತಾರೆ!"

೩. ತೆಂಗಿನ ತೋಟದಲ್ಲಿ

ಈಗಲೂ ಕನಸಲ್ಲಿ ಬೆಚ್ಚುವುದು ಹೊಸದುರ್ಗದ ಪ್ರಸಂಗಕ್ಕೆ. ತೋಟದ ಮನೆಯ ಗೌಡರೊಬ್ಬರು ತಾತನ ಕೋವಿಗೆ ವಿನಾಯ್ತಿ ಕೇಳಿದ್ದರು. ಅದೇ ತಜ್ಞರ ಜೊತೆ ಹೋದೆ. ಗೌಡರು ಅಂಗಳದಲ್ಲೇ ಕೋವಿ ಹಿಡಿದು ನಿಂತಿದ್ದರು.

"ಗೌಡ್ರೆ, ಕುದುರೆ ಮುಟ್ಟಬ್ಯಾಡ್ರಿ, ಇತ್ಲಾಗೆ ಕೊಡ್ರಿ," ಎಂದರು ತಜ್ಞರು.

"ಏ, ನಮ್ಮಪ್ಪನ ಕಾಲದಾಗೇ ಕೆಟ್ಟೋಗೈತ್ರಿ. ನೋಡ್ರಿ ಬೇಕಾರೆ!" ಎಂದು ಮೇಲಕ್ಕೆ ಹಿಡಿದು ಕುದುರೆ ಎಳೆದರು. ಟಿಕ್. ಮತ್ತೆ ಎಳೆದರು. ಟಿಕ್. ಮೂರನೇ ಸಲ—

ಢಮಾರ್!

ನಾನು ಅಂಗಳದ ನೀರಿನ ಬಾನಿಯ ಹಿಂದೆ, ತಜ್ಞರು ನನ್ನ ಬೆನ್ನ ಮೇಲೆ. ತಾತ ಯಾವತ್ತೋ ತುಂಬಿಟ್ಟ ಮದ್ದು! ಮೇಲಿಂದ ಎರಡು ಎಳನೀರು ದೊಪ್ಪನೆ ಬಿದ್ದವು. ಹೊಗೆ ಸರಿದಾಗ ಗೌಡರು ಅಲ್ಲೇ ಕೂತಿದ್ದರು. ಮುಖವೆಲ್ಲ ಮಸಿ.

ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, ಬಾನಿಯ ಹಿಂದಿನಿಂದಲೇ ಕೇಳಿದೆ: "ಗೌಡ್ರೆ, ವಿನಾಯ್ತಿ ಅರ್ಜಿ ಏನ್ ಮಾಡಾಣ?"

ಗೌಡರು ಕಣ್ಣು ಪಿಳುಕಿಸಿದರು. "ಅದನ್ನ ಹರಿದಾಕ್ರಿ ಸಾರ್... ಲೈಸೆನ್ಸಿನ ಫಾರಂ ತಂದೀರಾ?"