ಹಾರ್ನ್ ಇದ್ದ ಹರಿಗೋಲು

ತುಂಗಭದ್ರೆಯ ಮೀನುಗಳಿಗೆ ನಮ್ಮ ಚಾಚಾನಷ್ಟು ಆಪ್ತರು ಇನ್ನೊಬ್ಬರಿರಲಿಲ್ಲ! ಎಪ್ಪತ್ತರ ದಶಕದ ಕೊನೆಯ ಅದೆಷ್ಟೋ ಭಾನುವಾರ ಮನೆಮಂದಿಯನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೊಳೆಗೆ ಹೋಗಿ ಗಾಳ ಹಾಕಿದರೂ, ಒಂದು ಮೀನಿಗೂ ಅವರಿಂದ ನೋವಾಗಲಿಲ್ಲ.

ಆಗಬೇಕಾದರೆ ಮನುಷ್ಯ ಒಂದು ಕಡೆ ಕೂರಬೇಕಲ್ಲ? ಕೊಟ್ಟೂರಿನಲ್ಲಿ ಲಾರಿ ರಿಪೇರಿ ಶೆಡ್ ಇಟ್ಟಿದ್ದ ಚಾಚಾ ಊಟಕ್ಕೆ ಕೂತರೂ ಒಂದು ಕಾಲು ಹೊಸ್ತಿಲಾಚೆ ಇರುತ್ತಿತ್ತು. ಗಾಳ ಹಾಕಿ ಬೀಡಿ ಹಚ್ಚುವಷ್ಟರಲ್ಲಿ, "ಇಲ್ಲಿ ಮೀನ ಇಲ್ಲ, ಏಳ್ರಿ ಏಳ್ರಿ!" ಬುತ್ತಿ ಬಿಚ್ಚಿದ್ದು ಒಂದು ಕಡೆ, ಉಂಡದ್ದು ಇನ್ನೊಂದು ಕಡೆ, ಕೈ ತೊಳೆದದ್ದು ಮತ್ತೆಲ್ಲೋ!

ಚಾಚಿ ಮಾತ್ರ ದಂಡೆಯಲ್ಲಿ ಸುಮ್ಮನೆ ನೀರು ನೋಡುತ್ತಿದ್ದಳು. ಹಡಗಲಿ ಕಡೆಯ ಹೊಳೆದಂಡೆಯವಳು, ಹರಿಗೋಲಿನಲ್ಲೇ ಆಡಿ ಬೆಳೆದವಳು. ಮದುವೆಯಾಗಿ, ಕೊಡ ನೀರಿಗೆ ಪಾಳಿ ಹಚ್ಚುವ ನಮ್ಮೂರಿಗೆ ಬಂದಿದ್ದಳು. ಅವಳನ್ನು ಮತ್ತೆ ನಡುಹೊಳೆಗೆ ಕರೆದೊಯ್ಯಬೇಕೆಂಬುದು ಚಾಚಾನ ಒಂದೇ ಹಠ. ಅದಕ್ಕೆಂದೇ ಹಳೆಯ ಹರಿಗೋಲೊಂದನ್ನು ಕೊಂಡು ಶೆಡ್ಡಿಗೆ ತಂದರು.

ಅಲ್ಲಿಗೆ ಅದರ ಕಥೆ ಮುಗಿಯಿತು! ಮುಂಭಾಗವೇ ಇಲ್ಲದ ವಾಹನವನ್ನು ಮೆಕ್ಯಾನಿಕ್ ಸಹಿಸುವುದುಂಟೇ? ಬುಟ್ಟಿಯಂತೆ ದುಂಡಗಿದ್ದ ಅದರ ಸುತ್ತ ಹತ್ತಾರು ಸಲ ತಿರುಗಿ, ಒಂದು ಕಡೆ ಸೀಮೆಸುಣ್ಣದ ಗೆರೆ ಎಳೆದು, "ಇದು ಮುಂದು" ಎಂದು ತೀರ್ಪು ಕೊಟ್ಟರು. ಅಲ್ಲಿ ಹೆಡ್‌ಲೈಟು ಬಂತು. ಲಾರಿ ಸೀಟು ಬಂತು. ಹಾರ್ನ್ ಬಂತು. ದಂಡೆಯ ಜಾಲಿಮರಕ್ಕೆ ಕಟ್ಟಲು ಉದ್ದನೆಯ ಹಗ್ಗವೂ ಬಂತು.

"ಹಗ್ಗ ಯಾಕ್ರಿ?" ಎಂದಳು ಚಾಚಿ.

"ಹ್ಯಾಂಡ್‌ಬ್ರೇಕ್!"

ಜೀಪಿನ ಮೇಲೆ ಬೋರಲು ಹೇರಿದ ಆ ಹರಿಗೋಲಿನ ಸವಾರಿ ನೋಡಿ ಹಡಗಲಿಯ ಮಲ್ಲಿಗೆ ಮಾರುವವರೂ ಕೈ ನಿಲ್ಲಿಸಿ ನಕ್ಕರು. ನೀರಿಗಿಳಿದದ್ದೇ ತಡ, ಹರಿಗೋಲು ತನ್ನ ಸ್ವಭಾವದಂತೆ ಗಿರ್ರನೆ ತಿರುಗಿ, ಹೆಡ್‌ಲೈಟು ಹಿಂದಾಯಿತು. ಒಳಗಿದ್ದ ಚಾಚಾ ಗಾಬರಿಯಿಂದ ಪೋಂ ಪೋಂ ಒತ್ತಿದ್ದೇ ಒತ್ತಿದ್ದು! ಕೊಕ್ಕರೆಗಳೇ ಊರು ಬಿಟ್ಟವು, ಇನ್ನು ಮೀನಿನ ಮಾತೆಲ್ಲಿ?

"ರಿವರ್ಸ್ ಬಿದ್ದೈತಿ!" ಎಂದು ಕೂಗಿದರು.

"ಬುಟ್ಟಿಗೆ ಎಲ್ಲೀ ರಿವರ್ಸ್! ಅವನ್ನೆಲ್ಲ ಕಿತ್ತ ಒಗೀರಿ, ಆಮ್ಯಾಲ ನಾ ಹತ್ತತೀನಿ" ಎಂದಳು ಚಾಚಿ ದಂಡೆಯಿಂದ.

ಚಾಚಾ ಕೀಳುವವರೇ? ಮುಂದಿನ ಭಾನುವಾರ ಎರಡು ಕನ್ನಡಿ ಸೇರಿಸಿದರು. ಅದರ ಮುಂದಿನ ವಾರ ಕಿಟಕಿಯೇ ಇಲ್ಲದ್ದಕ್ಕೆ ಪರದೆ!

ಕೊನೆಗೊಂದು ಭಾನುವಾರ ಚಾಚಿ ಜೀಪು ಹತ್ತಲಿಲ್ಲ. "ನಾ ಬರಂಗಿಲ್ಲ. ದಂಡಿ ಮ್ಯಾಲ ಕುಂತು ಹೊಳಿ ನೋಡೂದು ಸಾಕಾಗೈತಿ" ಎಂದಳು.

ಚಾಚಾ ಸೀದಾ ಶೆಡ್ಡಿಗೆ ಹೋಗಿ ಸೀಟು, ಲೈಟು, ಹಾರ್ನ್, ಕನ್ನಡಿ ಎಲ್ಲ ಕಿತ್ತು ಬಂದರು. ಹಗ್ಗವೊಂದನ್ನು ಉಳಿಸಿಕೊಂಡರು.

ಅದನ್ನು ನೋಡಿ ಜೀಪು ಹತ್ತಿದ ಚಾಚಿ, ಹೊಳೆಯಲ್ಲಿ ಸೆರಗು ಬಿಗಿದು ಹರಿಗೋಲು ಹತ್ತಿದಳು. ಹುಟ್ಟು ಕೈಗೆ ತಗೊಂಡು, ಆ ಹಗ್ಗವನ್ನೂ ಬಿಚ್ಚಿ ದಂಡೆಗೆ ಎಸೆದಳು. ಚಾಚಾನ ಮುಖ ಬಿಳುಚಿತು.

"ನಂಗ ಈಜು ಬರಂಗಿಲ್ಲ" ಎಂದರು ಮೆಲ್ಲಗೆ.

"ಗೊತ್ತೈತಿ. ಬರ್ರಿ, ಕುಂದರ್ರಿ."

ಎಲ್ಲಿಯೂ ಕೂರದ ಮನುಷ್ಯ ಕೂತರು! ಚಾಚಿಯ ಸೆರಗಿನ ಚುಂಗು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕದಲದೆ ಕೂತರು. ನಡುಹೊಳೆಯಲ್ಲಿ ಚಾಚಿ ಹರಿಗೋಲನ್ನು ಬೇಕೆಂದೇ ಗಿರಗಿರನೆ ತಿರುಗಿಸಿ ನಕ್ಕಳು. ಅವಳು ಹಾಗೆ ನಗಬಲ್ಲಳೆಂದು ನಮಗಾರಿಗೂ ಗೊತ್ತಿರಲಿಲ್ಲ.

"ಸಾಕಾ? ದಂಡಿಗೆ ಹೋಗೋಣೇನ್ರಿ?" ಎಂದು ಚಾಚಿ ಕೇಳಿದ್ದು ದಂಡೆಯಲ್ಲಿದ್ದ ನಮ್ಮವರೆಗೂ ನೀರಿನ ಮೇಲೆ ತೇಲಿ ಬಂತು.

ಚಾಚಾ ಕಣ್ಣು ತೆರೆಯದೆಯೇ ಹೇಳಿದರು: "ನೀ ನಗಾಕತ್ತಿ... ಇನ್ನೊಂದ್ ಸುತ್ತು ಹೊಡಿ."