ರುಪೆರ್ತೊನ ಮನೆಯೂ ಔದಿಲಿಯೊನ ಈಜೂ

ತೊಂದರೆಯೆಲ್ಲ ಶುರುವಾದದ್ದು ಒಂದು ಗೆರೆಯಿಂದ. ಅರ್ಜಿಯ ಮೂರನೆಯ ಪುಟದ ಕೆಳಗೆ ‘ಸಹಾಯಕರ ಸಹಿ’ ಎಂದು ಅಚ್ಚು ಹಾಕಿ, ಮುಂದೆ ಎಳೆದಿದ್ದ ನಾಲ್ಕು ಅಂಗುಲದ ಗೆರೆ. ಉಳಿದದ್ದನ್ನೆಲ್ಲ ಔದಿಲಿಯೊ ಕಾರ್ಕಮೊ ಮೂರು ತಿಂಗಳ ಹಿಂದೆಯೇ ತುಂಬಿದ್ದ. ವಯಸ್ಸು ನಲವತ್ತೊಂಬತ್ತು. ಉದ್ಯೋಗ, ಚಿಪ್ಪುಮೀನಿನ ಕಾರ್ಖಾನೆಯಲ್ಲಿ ಸಮುದ್ರದ ನೀರಿನ ಪರೀಕ್ಷೆ. ಸ್ಪರ್ಧೆ, ಟ್ರಯಥ್ಲಾನ್: ಸುಮಾರು ನಾಲ್ಕು ಕಿಲೋಮೀಟರ್ ಈಜು, ನೂರ ಎಂಬತ್ತು ಸೈಕಲ್ಲು, ಕೊನೆಗೆ ನಲವತ್ತೆರಡು ಓಟ. ನೀರಿನ ಉಷ್ಣತೆ ಒಂಬತ್ತೂವರೆ ಡಿಗ್ರಿ. ಇದನ್ನು ಯಾರೂ ಕೇಳಿರಲಿಲ್ಲ. ಆದರೂ ಹದಿನೆಂಟು ವರ್ಷದಿಂದ ದಿನಾ ಬೆಳಗ್ಗೆ ಅಳೆಯುತ್ತಿದ್ದವನಾದ್ದರಿಂದ ಅರ್ಜಿಯ ಅಂಚಿನಲ್ಲಿ ತಾನಾಗಿಯೇ ಬರೆದಿದ್ದ.

ಅಂಥ ನೀರಿನಿಂದ ಎದ್ದು ಬಂದವನಿಗೆ ಕಂಬಳಿ ಹೊದಿಸಿ, ಬಿಸಿ ಕುಡಿಸಿ, ದಿನವಿಡೀ ಗಾಡಿಯಲ್ಲಿ ಹಿಂದೆಹಿಂದೆಯೇ ಬರುವ ಒಬ್ಬ ಮನುಷ್ಯ ಇರಲೇಬೇಕು ಎಂದು ನಿಯಮ. ಆ ಮನುಷ್ಯ ಸ್ಪರ್ಧೆಯ ಹಿಂದಿನ ದಿನ ಸಂಜೆ ಆರರೊಳಗೆ ಖುದ್ದಾಗಿ ಬಂದು ಸಹಿ ಹಾಕದಿದ್ದರೆ, ಸ್ಪರ್ಧಿ ನೀರಿಗೆ ಕಾಲಿಡುವಂತಿಲ್ಲ.

ಔದಿಲಿಯೊನಿಗೆ ಬೇಕಾಗಿದ್ದದ್ದು ಆ ನೀರೇ. ಪಿಲ್ದೆ ದ್ವೀಪದಲ್ಲಿ ಹುಟ್ಟಿದವರೆಲ್ಲ ಸಮುದ್ರದ ಮೇಲೆಯೇ ಬದುಕುವವರು; ಈಜು ಬಲ್ಲವನು ಒಬ್ಬನೂ ಇಲ್ಲ. “ಸಮುದ್ರ ಇರೋದು ಮೇಲೆ ಹೋಗೋದಕ್ಕೆ ಕಣಯ್ಯ, ಒಳಗೆ ಹೋಗೋದಕ್ಕಲ್ಲ” ಎಂಬುದು ಅವರ ಅಜ್ಜಂದಿರ ಮಾತು. ಎರಡು ವರ್ಷದಿಂದ ಪ್ರತಿ ಭಾನುವಾರ ಕಪ್ಪು ರಬ್ಬರಿನ ಉಡುಪು ತೊಟ್ಟು ಔದಿಲಿಯೊ ನೀರಿಗಿಳಿದಾಗಲೆಲ್ಲ ಹೆಂಗಸರು ದಡದಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಗಂಡಸರು ಅಷ್ಟು ಮರ್ಯಾದೆಯನ್ನೂ ಕೊಡುತ್ತಿರಲಿಲ್ಲ.

“ಕಡಲಸಿಂಹ ಈಜಿದ್ರೆ ಅದಕ್ಕೊಂದು ಕಾರಣ ಇರುತ್ತೆ, ಮೀನು ಹಿಡಿಯುತ್ತೆ. ನೀನೇನು ಹಿಡೀತೀಯೊ?”

“ನೆಗಡಿ!” ಎಂದು ಇನ್ನೊಬ್ಬ.

“ನಗ್ರಪ್ಪಾ, ನಗ್ರಿ,” ಎನ್ನುತ್ತಿದ್ದ ಔದಿಲಿಯೊ ಹಲ್ಲು ಕಡಕಡಿಸುತ್ತ. “ಪಿಲ್ದೆಯವನೊಬ್ಬ ಈ ನೀರನ್ನ ಈಜಿ ದಾಟಿದ ಅಂತ ಕಾಗದದಲ್ಲಿ ಬರೆಸ್ಕೊಂಡು ಬರ್ತೀನಿ. ಆಮೇಲೆ ಮಾತಾಡಿ.”

ಸಹಿ ಹಾಕಲು ಒಪ್ಪಿದ್ದವನು ರುಪೆರ್ತೊ ಒಬ್ಬನೇ. ರುಪೆರ್ತೊನ ಮಗಳ ನಾಮಕರಣದಲ್ಲಿ ಮಗುವನ್ನು ಎತ್ತಿಕೊಂಡು ನಿಂತವನು ಔದಿಲಿಯೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕೊಂಪಾದ್ರೆ’. ಒಡಹುಟ್ಟಿದವರಿಗೆ ಇಲ್ಲವೆನ್ನಬಹುದು, ಕೊಂಪಾದ್ರೆಗೆ ಆಗದು.

ಸ್ಪರ್ಧೆಯ ಹಿಂದಿನ ದಿನ, ಸೆಪ್ಟೆಂಬರ್ ತಿಂಗಳ ಆ ಶುಕ್ರವಾರ, ಔದಿಲಿಯೊನಿಗೆ ಇದ್ದ ಕೆಲಸ ಎರಡೇ. ಕಾಲುಗಳನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗುವುದು, ಉಪ್ಪಿಲ್ಲದ ಶ್ಯಾವಿಗೆ ತಿನ್ನುವುದು. ಬೆಳಗ್ಗೆ ಏಳಕ್ಕೆ ಗೋಡೆಗೆ ಕಾಲು ಒರಗಿಸಿ ಮಲಗಿದ್ದಾಗ ಕಿಟಕಿಯಲ್ಲಿ ಎತ್ತುಗಳು ಕಂಡವು. ಒಂದು ಜೋಡಿ, ಎರಡು ಜೋಡಿ, ಹದಿನಾಲ್ಕು ಜೋಡಿ. ಎಲ್ಲವೂ ರುಪೆರ್ತೊನ ಮನೆಯ ಕಡೆಗೆ. ಔದಿಲಿಯೊ ಕಾಲಿಳಿಸಿ ಓಡಿದ.

ರುಪೆರ್ತೊನ ಮರದ ಮನೆಯ ಬುಡಕ್ಕೆ ಆಗಲೇ ಎರಡು ಉದ್ದನೆಯ ದಿಮ್ಮಿಗಳನ್ನು ಕಟ್ಟಿದ್ದರು. ಅರವತ್ತು ಜನ ಸೇರಿದ್ದರು.

“ಏನಿದು ಕೊಂಪಾದ್ರೆ?”

“ಮನೆ ಹೊರಟಿದೆ,” ಎಂದ ರುಪೆರ್ತೊ. “ಆಚೆ ದಡಕ್ಕೆ, ಚರ್ಚಿನ ಪಕ್ಕಕ್ಕೆ. ಅತ್ತೆಗೆ ಪಾದ್ರಿ, ಡಾಕ್ಟ್ರು ಇಬ್ಬರೂ ಹತ್ತಿರ ಇರಬೇಕಂತೆ. ಹೇಳಿದ್ನಲ್ಲ.”

“ಅಕ್ಟೋಬರ್‌ನಲ್ಲಿ ಅಂದಿದ್ದೆ!”

“ಅಕ್ಟೋಬರ್ ಅಂದಿದ್ದು ನಾನು. ಉಬ್ಬರ ಇವತ್ತೇ ಅಂತು.”

ಔದಿಲಿಯೊ ಹಣೆ ಬಡಿದುಕೊಂಡ. ಹಗಲು ರಾತ್ರಿ ಸಮನಾಗುವ ವಾರ, ಅದರ ಮೇಲೆ ಹುಣ್ಣಿಮೆ; ವರ್ಷದ ಅತಿ ದೊಡ್ಡ ಉಬ್ಬರ ಇವತ್ತು ಮಧ್ಯಾಹ್ನ ಒಂದೂವರೆಗೆ. ಉಬ್ಬರದ ಪಟ್ಟಿಯನ್ನು ಕಾರ್ಖಾನೆಯ ಬಾಗಿಲಿಗೆ ಅಂಟಿಸಿದವನೇ ಅವನು. ಆದರೆ ಅದನ್ನು ಓದಿ ಯಾರಾದರೂ ಮನೆ ತೇಲಿಸಿಯಾರೆಂದು ಅವನಿಗೆ ಹೊಳೆದಿರಲಿಲ್ಲ.

“ನನ್ನ ಸಹಿ?”

“ಹಾಕ್ತೀನಪ್ಪಾ. ಮನೆ ಆಚೆ ಕೂರಲಿ, ಬಂದವರು ಉಣ್ಣಲಿ.”

ಅಲ್ಲಿಯವರು ಮಿಂಗಾ ಎನ್ನುವ ಮುಯ್ಯಾಳಿನ ಕಟ್ಟಳೆ ಅದು. ಕರೆದವನು ಕೊನೆಯ ಆಳು ಕೊನೆಯ ತುತ್ತು ನುಂಗುವ ತನಕ ಮನೆಯ ಪಕ್ಕದಿಂದ ಕದಲಬಾರದು. ಸಹಿ ಹಾಕಬೇಕಾದ ಶಾಲೆಯೋ ಜಲಸಂಧಿಯ ಆಚೆ, ಸಾನ್ ತೊರಿಬಿಯೊ ಊರಿನ ದಿಬ್ಬದ ಮೇಲೆ.

ಔದಿಲಿಯೊ ಬೇರೆ ಸಹಿಗಾಗಿ ಇಡೀ ಗುಂಪನ್ನು ಸುತ್ತಿದ. ಹೆಂಡತಿ ಮಿರ್ತ ಆಲೂಗಡ್ಡೆ ತುರಿಯುತ್ತಿದ್ದವಳು ತಲೆಯೆತ್ತಲೂ ಇಲ್ಲ. “ನನಗೆ ಗಾಡಿ ಓಡಿಸೋಕೆ ಬರಲ್ಲ. ಬಂದಿದ್ರೂ, ನಾನೇ ಸಹಿ ಹಾಕಿ ನಾನೇ ವಿಧವೆ ಆಗ್ಲಾ?” ಎತ್ತು ಹೊಡೆಯುವ ಮುದುಕ ದೊನ್ ಲಿಚೊ, “ಸಹಿ ಯಾಕೆ ಮಗಾ? ಹಗ್ಗ ಹಿಡಿ,” ಎಂದು ಹಗ್ಗದ ತುದಿಯನ್ನು ಕೈಗೆ ತುರುಕಿದ.

“ಹಿಡಿಯಲ್ಲ!” ಎಂದ ಔದಿಲಿಯೊ. “ಈ ಕಾಲುಗಳಿಗೆ ಇವತ್ತು ವಿಶ್ರಾಂತಿ. ಪಾದ್ರಿ ಬಂದು ಹೇಳಿದ್ರೂ ಎಳೆಯಲ್ಲ.”

ಹೇಳಿದ್ದಷ್ಟೇ ಅಲ್ಲ, ಒಂದು ಕುರ್ಚಿ ತಂದು ಗುಂಪಿನ ನಡುವೆಯೇ ಹಾಕಿಕೊಂಡು, ಎದುರಿನ ದಿಮ್ಮಿಯ ಮೇಲೆ ಎರಡೂ ಕಾಲು ಚಾಚಿ, ಡಬ್ಬಿ ತೆರೆದು ಶ್ಯಾವಿಗೆ ತಿನ್ನತೊಡಗಿದ. ಹದಿನಾಲ್ಕು ಜೋಡಿ ಎತ್ತು ಎಳೆದವು. ಮನೆ ಕಿರುಗುಟ್ಟಿತು, ನಡುಗಿತು, ಕದಲಲಿಲ್ಲ. ಇನ್ನೊಮ್ಮೆ ಎಳೆದವು. ಒಂದು ಹಗ್ಗ ಕಡಿದು ಮೂವರು ಅಂಗಾತ ಬಿದ್ದರು. ಮುಕ್ಕಾಲು ಗಂಟೆ ಎಲ್ಲರೂ ಬಗ್ಗಿ ಬಗ್ಗಿ ನೋಡಿದ ಮೇಲೆ, ಮನೆಯ ಬುಡಕ್ಕೆ ಕೊಡಬೇಕಾದ ಉರುಳು ದಿಮ್ಮಿಯೊಂದು ಔದಿಲಿಯೊನ ಕಾಲಡಿಯಲ್ಲಿದೆ ಎಂಬುದು ಗೊತ್ತಾಯಿತು.

“ಇವನ ಕಾಲಿಗೆ ವಿಶ್ರಾಂತಿ ಸಿಕ್ಕಿತು, ನಮ್ಮ ಬೆನ್ನಿಗೆ ಸಿಗಲಿಲ್ಲ,” ಎಂದು ಮನೆಯ ಕಿಟಕಿಯಿಂದ ಒಂದು ಧ್ವನಿ ಬಂತು. ರುಪೆರ್ತೊನ ಅತ್ತೆ, ಎಂಬತ್ತೆರಡರ ದೊನ್ಯ ಎರ್ಸಿಲಿಯ. ಮನೆಯಿಂದ ಇಳಿಯಲು ಆಕೆ ಒಪ್ಪಿರಲಿಲ್ಲ. ಒಲೆ ಹೊತ್ತಿಸಿಕೊಂಡು ಒಳಗೇ ಇದ್ದಳು. ಚಿಮಣಿಯಿಂದ ಹೊಗೆ ಬರುತ್ತಿತ್ತು.

ಮನೆ ನೀರಿಗೆ ತಲುಪುವಾಗ ಎರಡು ಗಂಟೆ ಹೊಡೆದಿತ್ತು. ಬುಡಕ್ಕೆ ಖಾಲಿ ಪೀಪಾಯಿಗಳನ್ನು ಕಟ್ಟಿ, ಎರಡು ಲಾಂಚುಗಳ ಹಿಂದೆ ಅದನ್ನು ತೇಲಿಬಿಟ್ಟರು. ಸಂತೆಗೆ ಹೊರಟ ದಪ್ಪ ಹೆಂಗಸಿನಂತೆ ಮನೆ ಒಂದು ಬದಿಗೆ ವಾಲುತ್ತ, ಇನ್ನೊಂದು ಬದಿಗೆ ವಾಲುತ್ತ ಮುಂದೆ ಸಾಗಿತು. ಪಿಲ್ದೆಯವರೆಲ್ಲ ದೋಣಿಗಳಲ್ಲಿ ಅದರ ಹಿಂದೆ ಹೊರಟರು. ಔದಿಲಿಯೊ ಸೈಕಲ್ಲು, ರಬ್ಬರಿನ ಉಡುಪು, ಅರ್ಜಿ ಎಲ್ಲವನ್ನೂ ಹೇರಿಕೊಂಡು ರುಪೆರ್ತೊನ ಲಾಂಚಿನಲ್ಲಿ ಕೂತ. ಆಚೆ ದಡ ಹತ್ತಿರವಾಗುತ್ತಿತ್ತು; ನೀರು ಮಾತ್ರ ಇಳಿಯತೊಡಗಿತ್ತು. ಔದಿಲಿಯೊ ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಗೀಚಿದ. ಚರ್ಚಿನ ಮುಂದಿನ ದಡ ಚಪ್ಪಟೆ. ಅಲ್ಲಿಗೆ ಒಂದು ಗಂಟೆ ಬೇಕು. ಅಷ್ಟರಲ್ಲಿ ನೀರು ಇನ್ನೂರು ಮೀಟರ್ ಹಿಂದೆ ಸರಿದು ಮನೆ ಕೆಸರಿನಲ್ಲಿ ಕೂರುತ್ತದೆ. ಮನೆ ಕೂರದೆ ಊಟವಿಲ್ಲ. ಊಟವಿಲ್ಲದೆ ಸಹಿಯಿಲ್ಲ.

“ಕೊಂಪಾದ್ರೆ, ಎಡಕ್ಕೆ ತಿರುಗಿಸು!”

“ಎಡಕ್ಕೇನಿದೆ?”

“ದೋಣಿ ಇಳಿಸೋ ಕಾಂಕ್ರೀಟ್ ಇಳಿಜಾರು. ಅಲ್ಲಿ ನೀರು ಆಳ. ಇಪ್ಪತ್ತೈದು ನಿಮಿಷ. ಇವತ್ತು ಅಲ್ಲೇ ಹತ್ತಿಸಿ ಬಿಡು, ನಾಳೆ ಮಧ್ಯಾಹ್ನದ ಉಬ್ಬರಕ್ಕೆ ನಿಧಾನವಾಗಿ ಚರ್ಚಿನ ಹತ್ತಿರ ಒಯ್ಯಬಹುದು.”

ರುಪೆರ್ತೊ ಚುಕ್ಕಾಣಿ ಬಿಟ್ಟು ತಲೆ ಕೆರೆದುಕೊಂಡ. “ಜನ ಚರ್ಚಿನ ಹತ್ತಿರ ಕಾಯ್ತಾ ಇದ್ದಾರಲ್ಲೊ. ಮುಯ್ಯಾಳು ಕರೆದಿದ್ದು ಅಲ್ಲಿಗೆ.”

“ಜನಕ್ಕೆ ಕಾಲಿದೆ, ಬರ್ತಾರೆ. ನಿನ್ನ ಮನೆಗೆ ಕಾಲಿಲ್ಲ, ನನ್ನ ಸಹಿಗೆ ನಾಳೆ ಇಲ್ಲ. ತಿರುಗಿಸು!”

ತಿರುಗಿಸಿದ. ಸಾನ್ ತೊರಿಬಿಯೊದವರು ಎತ್ತುಗಳನ್ನು ಹೊಡೆದುಕೊಂಡು, ಅಡುಗೆಯ ಹಂಡೆಗಳನ್ನು ಹೊತ್ತುಕೊಂಡು ಬೈಯುತ್ತ ಓಡಿಬಂದರು. ಈ ಸಲ ಹಗ್ಗದ ಮುಂದಿನ ತುದಿ ಹಿಡಿದವನೇ ಔದಿಲಿಯೊ. ವಿಶ್ರಾಂತಿ, ಎದೆಗಿಂತ ಎತ್ತರ ಎಲ್ಲ ಮರೆತು, ಹಿಮ್ಮಡಿ ಊರಿ, ಎತ್ತುಗಳಿಗೇ ನಾಚಿಕೆಯಾಗುವಂತೆ ಎಳೆದ. ನಾಲ್ಕೂವರೆಗೆ ಮನೆ ಇಳಿಜಾರಿನ ನಡುವಿಗೆ ಏರಿ, ಎರಡು ಬದಿಯ ಕಲ್ಲುಗೋಡೆಗಳ ನಡುವೆ ಬಾಟಲಿಗೆ ಬಿರಡೆ ಬಿಗಿದಂತೆ ಕೂತಿತು. ಮುಂಬಾಗಿಲು ಸಮುದ್ರಕ್ಕೆ, ಅಡುಗೆಮನೆಯ ಬಾಗಿಲು ಊರಿಗೆ.

“ಹೇಗಿದೆ?” ಎಂದ ಔದಿಲಿಯೊ ಬೆವರೊರೆಸಿಕೊಳ್ಳುತ್ತ.

“ವಿಜ್ಞಾನ ಓದಿದವನ ಕೆಲಸ,” ಎಂದು ರುಪೆರ್ತೊ ಒಪ್ಪಿಕೊಂಡ.

ಇನ್ನುಳಿದದ್ದು ಊಟ. ಹಂಡೆಯಿಂದ ಚಿಪ್ಪುಮೀನು, ಹಂದಿಮಾಂಸ, ಆಲೂಗಡ್ಡೆಯ ದಪ್ಪ ರೊಟ್ಟಿ ಎದ್ದು ತಟ್ಟೆಗಳಿಗೆ ಬಿದ್ದವು. ಔದಿಲಿಯೊ ಬಡಿಸುವವರ ಹಿಂದೆ ಓಡಾಡಿದ. “ಬೇಗ ಬೇಗ... ಇನ್ನೊಂದು ಸಲ ಬೇಕಾ? ಬೇಡ ಅಲ್ವಾ?” ಐದೂಕಾಲಿಗೆ ಐವತ್ತು ಜನ ಮುಗಿಸಿದರು. ಐದೂವರೆಗೆ ಒಬ್ಬನೇ ಉಳಿದ. ದೊನ್ ಲಿಚೊ. ಅವನ ಬಾಯಲ್ಲಿ ಹಲ್ಲುಗಳಿದ್ದ ಕಾಲವನ್ನು ಊರಿನಲ್ಲಿ ನೆನೆಯುವವರು ಯಾರೂ ಇರಲಿಲ್ಲ.

“ದೊನ್ ಲಿಚೊ, ನುಂಗಿಬಿಡಿ.”

“ನುಂಗಿದ್ರೆ ರುಚಿ ಗೊತ್ತಾಗಲ್ಲ ಮಗಾ.”

ಐದು ನಲವತ್ತು. ಮುದುಕನ ತಟ್ಟೆಯಲ್ಲಿ ಅಂಗೈಯಗಲದ ಹಂದಿಮಾಂಸ, ಒಂದು ಇಡೀ ರೊಟ್ಟಿ. ಮೂರು ದಿನದಿಂದ ಉಪ್ಪಿಲ್ಲದ ಶ್ಯಾವಿಗೆ ತಿಂದಿದ್ದ ಔದಿಲಿಯೊ ತಟ್ಟೆಯನ್ನು ಕಿತ್ತುಕೊಂಡು, ನಿಂತಲ್ಲೇ, ಮೂರೇ ಬಾಯಿಗೆ ಎಲ್ಲವನ್ನೂ ಇಳಿಸಿದ. ಕೊಬ್ಬು ಗಲ್ಲದ ಮೇಲೆ ಹರಿಯಿತು. “ಕೊನೆಯ ತುತ್ತು ಆಯ್ತು! ನಡಿ!” ಎಂದು ರುಪೆರ್ತೊನ ತೋಳು ಹಿಡಿದೆಳೆದ.

ದಿಬ್ಬ ಹತ್ತುವಾಗ ರುಪೆರ್ತೊನ ಗಂಬೂಟಿನಲ್ಲಿ ಸಮುದ್ರದ ನೀರು ಬುಳಕ್ ಬುಳಕ್ ಎನ್ನುತ್ತಿತ್ತು, ಔದಿಲಿಯೊನ ಹೊಟ್ಟೆಯಲ್ಲಿ ಹಂದಿಮಾಂಸ. ಶಾಲೆಯ ಆಟದ ಸಭಾಂಗಣದ ಬಾಗಿಲು ದೂಡಿ ಒಳಗೆ ನುಗ್ಗಿದಾಗ ಆರಕ್ಕೆ ಎರಡು ನಿಮಿಷ. ರುಪೆರ್ತೊ ಗೆರೆಯ ಮೇಲೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ನೆಟ್ಟ. ಔದಿಲಿಯೊನ ಮುಂಗೈಗೆ ಹಳದಿ ಪಟ್ಟಿ ಕಟ್ಟಿದರು. ನಂಬರು ನೂರ ಏಳು. ಅವನು ಆ ಕೈಯನ್ನು ಧ್ವಜದಂತೆ ಎತ್ತಿಹಿಡಿದು, ಹಿಂದೆಯೇ ಬಂದಿದ್ದ ಪಿಲ್ದೆಯವರತ್ತ ತಿರುಗಿದ.

“ಈಗ ಹೇಳ್ರಪ್ಪಾ, ನೆಗಡಿಯೋ?”

ಆಗ ವೇದಿಕೆಯ ಮೇಲೆ ಸ್ಪರ್ಧೆಯ ಮುಖ್ಯಸ್ಥೆ ಕಾರಿನ್ ಮೈಕು ಹಿಡಿದಳು. ಮೂರು ದಿನದಿಂದ ನಿದ್ದೆಯಿಲ್ಲದ ಮುಖ. ಕೆಳಗೆ ಇನ್ನೂರ ಹನ್ನೆರಡು ಸ್ಪರ್ಧಿಗಳು.

“ಗೆಳೆಯರೇ, ಈಜು ಮುಗಿಸಿ ಚರ್ಚಿನ ಮುಂದಿನ ದಡಕ್ಕೆ ಹತ್ತಬೇಕು ಅಂತಿತ್ತು. ಆದ್ರೆ ಇವತ್ತು ಅಲ್ಲಿಗೊಂದು ಮನೆ ಬರುತ್ತೆ ಅಂತ ಬೆಳಗ್ಗೆ ಗೊತ್ತಾಯ್ತು. ಇಲ್ಲಿಯವರ ಪದ್ಧತಿಗೆ ನಾವು ಅಡ್ಡ ಬರಬಾರದು ಅಂತ, ಹತ್ತೋ ಜಾಗನ ದೋಣಿಯ ಇಳಿಜಾರಿಗೆ ಬದಲಾಯಿಸಿದ್ವಿ. ಬೆಳಗ್ಗೆ ಎಂಟಕ್ಕೆ ಪೂರ್ತಿ ಇಳಿತ. ಇಳಿಜಾರು ಬಿಟ್ರೆ ಸುತ್ತ ಸೊಂಟದ ತನಕ ಕೆಸರು; ಚರ್ಚಿನ ಮುಂದೆ ಹಾಸಿದ್ದ ಹಲಗೆಗಳನ್ನೂ ಮನೆಗೆ ಜಾಗ ಬಿಡೋಕೆ ಕಿತ್ತಾಯ್ತು.” ಅವಳು ಉಸಿರೆಳೆದುಕೊಂಡಳು. “ಈಗ ಹೋಗಿ ನೋಡಿದ್ರೆ, ಇಳಿಜಾರಿನ ಮೇಲೆ ಯಾರೋ ಒಂದು ಮನೆ ಇಟ್ಟಿದ್ದಾರೆ. ನಾಳೆ ಮಧ್ಯಾಹ್ನದವರೆಗೆ ಅದನ್ನ ಕದಲಿಸೋಕಾಗಲ್ಲವಂತೆ. ಹಾಗಾಗಿ ಈಜು ರದ್ದು. ಅದರ ಬದಲು ಹತ್ತು ಕಿಲೋಮೀಟರ್ ಹೆಚ್ಚು ಓಟ.”

ಪಿಲ್ದೆಯ ಅಷ್ಟೂ ಮುಖಗಳು ಔದಿಲಿಯೊನತ್ತ ತಿರುಗಿದವು. ಯಾರೂ ನಗಲಿಲ್ಲ, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

ಔದಿಲಿಯೊ ಬೆಂಚಿನ ಮೇಲೆ ಹತ್ತಿ ನಿಂತ. “ರದ್ದಿಲ್ಲ!” ಎಂದು ಕೂಗಿದ. “ಎರಡು ವರ್ಷ ಈ ನೀರಲ್ಲಿ ನೆಂದಿದ್ದೀನಿ. ಈಜೇ ಈಜ್ತೀವಿ! ಮನೆಗೆ ಬಾಗಿಲಿದೆಯೋ ಇಲ್ವೋ? ಮುಂಬಾಗಿಲಲ್ಲಿ ಹತ್ತಿ ಅಡುಗೆಮನೆ ಬಾಗಿಲಲ್ಲಿ ಇಳೀತೀವಿ!”

ಸಭೆ ಕಾಲಿನಿಂದ ನೆಲ ಬಡಿಯತೊಡಗಿತು. ಕಾರಿನ್ ಕಣ್ಣರಳಿಸಿದಳು. “ಮನೆಯವರು ಒಪ್ಪಿದ್ರೆ...”

ರುಪೆರ್ತೊ ಮೊಬೈಲು ತೆಗೆದು, ಎಲ್ಲರಿಗೂ ಕೇಳುವಂತೆ ಮೈಕಿನ ಮುಂದೆ ಹಿಡಿದ. ವಿಷಯವೆಲ್ಲ ಕೇಳಿದ ಮೇಲೆ ದೊನ್ಯ ಎರ್ಸಿಲಿಯಳ ಧ್ವನಿ ಸಭಾಂಗಣ ತುಂಬಿತು.

“ಎಷ್ಟು ಜನ? ಇನ್ನೂರೇ? ಅಯ್ಯೋ ಪಾಪ, ಚಳೀಲಿ ಬರ್ತಾವೆ ಮಕ್ಕಳು. ಬರಲಿ. ಒಲೆ ಉರಿಸಿರ್ತೀನಿ. ಆದ್ರೆ ಈಗ ತಾನೇ ನೆಲಕ್ಕೆ ಮೇಣ ಹಚ್ಚಿದ್ದೀನಿ. ಒಬ್ಬರೂ ಒದ್ದೆ ಕಾಲಿಡಕೂಡದು. ಬಾಗಿಲಲ್ಲಿ ಒಬ್ಬ ನಿಂತು ಎಲ್ಲರ ಕಾಲೂ ಒರೆಸಿ ಒಳಗೆ ಬಿಡಬೇಕು.”

“ಯಾರು ಬೇಕಾದ್ರೂ ನಿಲ್ತಾರೆ ಸೆನ್ಯೋರ!” ಎಂದಳು ಕಾರಿನ್.

“ಯಾರು ಬೇಕಾದ್ರೂ ಅಲ್ಲ. ಚರ್ಚಿಗೆ ಹೊರಟಿದ್ದ ನನ್ನ ಮನೇನ ಬೀದೀಲಿ ಬಿಟ್ಟನಲ್ಲ, ಆ ಔದಿಲಿಯೊ. ಅವನು ನಿಂತ್ರೆ ಬಾಗಿಲು ತೆಗೀತೀನಿ. ಇಲ್ದಿದ್ರೆ ಅಗುಳಿ ಹಾಕ್ತೀನಿ.”

“ನಾನೂ ಈಜಬೇಕು, ದೊನ್ಯ ಎರ್ಸಿಲಿಯ!” ಔದಿಲಿಯೊ ಬೆಂಚಿನ ಮೇಲಿಂದಲೇ ಅರಚಿದ.

“ನೀನು ಈಜ್ತಾ ಇದ್ರೆ ಮೊದಲು ಬಂದವನ ಕಾಲು ಯಾರು ಒರೆಸ್ತಾರೆ?”

“ಮೊದಲು ಬರೋವನೇ ನಾನು!”

ಈಗ ಮಾತ್ರ ಪಿಲ್ದೆಯವರು ನಕ್ಕರು. ಮಿರ್ತ ಕೂಡ. ಆದರೆ ಇನ್ನೂರ ಹನ್ನೊಂದು ಸ್ಪರ್ಧಿಗಳು ನಗಲಿಲ್ಲ. ಹತ್ತು ದೇಶಗಳಿಂದ ಈ ನೀರಿಗೆಂದೇ ಬಂದಿದ್ದ ಅವರು ಕುತ್ತಿಗೆ ಎತ್ತಿ ಔದಿಲಿಯೊನನ್ನೇ ನೋಡುತ್ತಿದ್ದರು, ಸಂತನ ಮೂರ್ತಿಯ ಮುಂದೆ ಮೊಂಬತ್ತಿ ಹಚ್ಚಿ ನಿಂತವರ ಹಾಗೆ.

ಔದಿಲಿಯೊ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮುಂಗೈಯ ಹಳದಿ ಪಟ್ಟಿಯನ್ನು ನೋಡಿದ. ಆಮೇಲೆ ಎದೆಯುಬ್ಬಿಸಿದ.

“ಆಯ್ತು, ನಿಲ್ತೀನಿ! ಆದ್ರೆ ನನ್ನ ಈಜಿನ ಉಡುಪು ಹಾಕ್ಕೊಂಡೇ ನಿಲ್ತೀನಿ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಎದೆಗೆ ನಂಬರು, ಎಲ್ಲಾ! ಯಾರು ತಡೀತಾರೋ ನೋಡೇಬಿಡ್ತೀನಿ!”

ಮೊಬೈಲಿನಲ್ಲಿ ಒಲೆಗೆ ಸೌದೆ ಒಟ್ಟುವ ಸದ್ದು ಕೇಳಿಸಿತು.

“ಹಾಕ್ಕೊಳ್ಳಲಿ ಬಿಡಿ,” ಎಂದಳು ದೊನ್ಯ ಎರ್ಸಿಲಿಯ. “ಆದ್ರೆ ಅದು ಒಣಗಿರಬೇಕು.”